ಕಾರ್ಖಾನೆಯಿಂದಲೇ ಬಂದಂತೆ

ಅರವತ್ತೊಂಬತ್ತರ ಷೆವರ್ಲೆ ಪಿಕಪ್ಪು.
ಬಣ್ಣ, ಒಂದು ಕಾಲದಲ್ಲಿ, ಹಸಿರು.
ಎಲ್ರಾಯ್ ಟ್ಯಾಕೆಟ್ ಅದನ್ನು ನನ್ನ ಶೆಡ್ಡಿಗೆ ತಂದ ದಿನ
ಬೆಳಗಿನ ಒಂಬತ್ತಕ್ಕೇ ಸ್ಟೀರಿಂಗು ಮುಟ್ಟಿದರೆ ಚುರ್ ಎನ್ನುತ್ತಿತ್ತು.
"ಏಸಿ ಹಾಕು" ಅಂದ. ಆಮೇಲೆ,
ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ,
"ಆದರೆ ಹಾಕಿದ್ದು ಕಾಣಬಾರದು.
ಕಾರ್ಖಾನೆಯಿಂದಲೇ ಬಂದಂತಿರಬೇಕು."

ಇದು ಆಹೊ ಎಂಬ ಊರು, ಅರಿಜೋನಾದ ಅಂಚು.
ಸ್ಪ್ಯಾನಿಷ್‌ನಲ್ಲಿ ಆ ಹೆಸರಿಗೆ ಬೆಳ್ಳುಳ್ಳಿ ಎಂದರ್ಥ;
ಜೂನ್ ಬಂತೆಂದರೆ ನಾವೆಲ್ಲ ಒಗ್ಗರಣೆಗೆ ಬಿದ್ದವರೇ.
ತಾಮ್ರದ ಗಣಿ ನಡೆಯುತ್ತಿದ್ದಾಗ ಎಲ್ರಾಯ್
ಈ ಗಾಡಿಯಲ್ಲೇ ಪಾಳಿಗೆ ಹೋದ, ಪಾಳಿಯಿಂದ ಬಂದ.
ಗಣಿ ಮುಚ್ಚಿತು. ಗಾಡಿ ಉಳಿಯಿತು. ಮಾತೂ ಉಳಿಯಿತು,
ಏಸಿ ಎಂದವರಿಗೆಲ್ಲ ಒಂದೇ ಮಾತು:
"ಎರಡು ಗಾಜು ಇಳಿಸು, ಅರವತ್ತರಲ್ಲಿ ಓಡಿಸು."
ಪಕ್ಕದ ಸೀಟಿನಲ್ಲಿ ಇಡಾಲಿಯಾ, ಕೊರಳಿಗೆ ಒದ್ದೆ ಟವೆಲು,
ಐವತ್ತೆರಡು ಬೇಸಿಗೆ ನಕ್ಕಳು ಆ ಮಾತಿಗೆ.
ಐವತ್ತಮೂರನೆಯದಕ್ಕೆ ನಗಲಿಲ್ಲವಂತೆ.
ಜಗಳವಿಲ್ಲ, ಏನಿಲ್ಲ. ನಗಲಿಲ್ಲ, ಅಷ್ಟೇ.

ಅಂಗಡಿಯಲ್ಲಿ ಹೊಸ ಪೆಟ್ಟಿಗೆ ಸಿಗುತ್ತದೆ, ಕರೀ ಪ್ಲಾಸ್ಟಿಕ್ಕು,
ಡ್ಯಾಶಿನ ಕೆಳಗೆ ನೇತುಹಾಕಿದರೆ ಎರಡು ದಿನದ ಕೆಲಸ.
ಎಲ್ರಾಯ್ ಒಪ್ಪಲಿಲ್ಲ: "ಕಟ್ಟಿಸಿದ ಹಲ್ಲಿನ ಹಾಗೆ, ನಕ್ಕರೆ ಕಾಣುತ್ತೆ."
ಹಾಗಾಗಿ ಕಾಸಾ ಗ್ರಾಂಡೆಯ ಗುಜರಿಗೆ ಹೋದೆ.
ಸೊಂಟದವರೆಗೆ ಮರಳಲ್ಲಿ ಹೂತು ಕೂತಿತ್ತು
ಅದೇ ವರ್ಷದ ಇನ್ನೊಂದು, ಯಾರೋ ಅನುಕೂಲಸ್ಥರದು,
ಹುಟ್ಟುವಾಗಲೇ ತಂಪನ್ನು ಬರೆಸಿಕೊಂಡು ಬಂದದ್ದು.
ಡ್ಯಾಶ್‌ಬೋರ್ಡು ಬಿಚ್ಚಿದೆ. ಮೂರು ಕಡ್ಡಿಯ ಗುಂಡಿಫಲಕ ಬಿಚ್ಚಿದೆ.
ಕೊಳವೆಯೊಳಗೆ ಇಲಿಯ ಗೂಡು:
ಸೀಟಿನ ನಾರು, ಹತ್ತಿ, ಚ್ಯೂಯಿಂಗ್ ಗಮ್ಮಿನ ಬೆಳ್ಳಿಕಾಗದ.
ಒಂದು ಸಂಸಾರ ಅಲ್ಲಿ ನಡೆದು ಮುಗಿದಿತ್ತು, ತಂಪಿಲ್ಲದೆ.

ಎಂಜಿನ್ನಿಗೂ ಕಾಲಿಗೂ ನಡುವಿನ ತಗಡು ಕೊಯ್ಯುವ ಮೊದಲು
ಕೈ ಒಂದು ಗಳಿಗೆ ನಿಂತಿತು.
ಅರ್ಧ ಶತಮಾನ ಇಡಿಯಾಗಿದ್ದ ತಗಡು.
ರಿಪೇರಿಯಲ್ಲ ಇದು, ಅನಿಸಿತು;
ಹಳೆಯ ರಸೀದಿಗೆ ಹೊಸ ಸಾಲು ತೂರಿಸುವ ಕಳ್ಳ ಗುಮಾಸ್ತೆಯ ಕೆಲಸ.
ಅರವತ್ತೊಂಬತ್ತರ ಷೋರೂಮಿನಲ್ಲಿ ಬೆವರುತ್ತ ನಿಂತ ಹುಡುಗ
ಏಸಿಯ ಮುಂದಿನ ಖಾಲಿ ಚೌಕದ ಮೇಲಿಂದ
ಬೆಲೆ ಓದಿ ಎತ್ತಿಬಿಟ್ಟ ಪೆನ್ನನ್ನು
ಈಗ ನಾನು ಇಳಿಸುತ್ತಿದ್ದೇನೆ,
ಗರಗಸದಿಂದ.

ಮೂರು ವಾರ. ಬೆಲ್ಟು ಎರಡು ಸಲ ಕಿರುಚಿತು.
ಒಂದು ಪೈಪು ಗೇಣುದ್ದ ಸಾಲದೆ ಮತ್ತೆ ಮಾಡಿಸಿದೆ.
ಗಾಳಿಯೆಲ್ಲ ಹೀರಿ ರಾತ್ರಿಯಿಡೀ ಬಿಟ್ಟರೆ
ಬೆಳಿಗ್ಗೆ ಮುಳ್ಳು ಇಟ್ಟಲ್ಲೇ ಇತ್ತು,
ಏಕಾದಶಿ ಹಿಡಿದ ಮುದುಕಿಯ ಹಾಗೆ.
ಹಳೆಯ ಅನಿಲ ಈಗ ತುಂಬುವಂತಿಲ್ಲ, ಆಕಾಶ ಕೆಡಿಸಿತಲ್ಲ;
ಹೊಸದು ತುಂಬಿ, ಬಾನೆಟ್ಟಿನೊಳಗೆ ಚೀಟಿ ಅಂಟಿಸಿದೆ.
ಅಷ್ಟೊಂದು ಸುಳ್ಳಿನಲ್ಲಿ ಅದೊಂದು ನಿಜ.

ಇಡಾಲಿಯಾ ಬಂದಳು, ಟವೆಲಿನ ಸಮೇತ.
ಥರ್ಮಾಮೀಟರಿನ ಮುಳ್ಳು ಇಳಿಯುವುದನ್ನು ತೋರಿಸಿದೆ;
ಅವಳು ಅದನ್ನು ನೋಡಲಿಲ್ಲ. ಗಾಳಿಗೆ ಅಂಗೈ ಒಡ್ಡಿದಳು,
ಹೆಂಚು ಕಾದಿದೆಯೇ ಎಂದು ಕೈ ಚಾಚುವವಳಂತೆ.
"ಅವತ್ತು ಇದಕ್ಕೆಷ್ಟಿತ್ತು?" ಕೇಳಿದಳು ಗಂಡನನ್ನು.
ಎಲ್ರಾಯ್ ಹೇಳಿದ.
ಡಾಲರು ಹೇಳಿ, ಸೆಂಟೂ ಹೇಳಿದ.

ಗಾಜು ಎರಡೂ ಏರಿಸಿಕೊಂಡು ಹೊರಟರು.
ಹತ್ತು ಮೈಲಿಯಾಚೆ 'ಯಾಕೆ' ಎಂಬ ಹೆಸರಿನದೇ ಒಂದು ಊರಿದೆ, ನಿಜವಾಗಿ;
ಅಲ್ಲಿಗೆ ಹೋಗಿ ಪೈ ತಿಂದು ಬರುತ್ತಾರಂತೆ.
ಕಳ್ಳಿಗಿಡದ ತಿರುವಿನಲ್ಲಿ ಕಂಡೆ:
ಅವಳ ಕಡೆಯ ಗಾಜು ಎರಡು ಬೆರಳು ಇಳಿದಿತ್ತು,
ಟವೆಲಿನ ತುದಿ ಹೊರಗೆ ಪಟಪಟಿಸುತ್ತಿತ್ತು.

ಗಾಡಿ ನಿಂತಿದ್ದ ಜಾಗದಲ್ಲಿ
ತಂಪಿನ ಪೆಟ್ಟಿಗೆ ತೊಟ್ಟಿಕ್ಕಿದ ಒಂದು ಬೊಗಸೆ ನೀರು.
ಮಳೆ ಕಂಡು ನೂರ ಹತ್ತು ದಿನ.
ಒರೆಸಲು ಹೋದವಳು ಬಟ್ಟೆ ಹಿಡಿದು ನಿಂತೆ.
ಇರುವೆಗಳು ಆಗಲೇ ಸಾಲು ಕಟ್ಟಿದ್ದವು.