ಕಣ್ಣಳತೆ

ಬೆಳಗಿನ ಜಾವ ಅರ್ಧ ಗಂಟೆಗೊಮ್ಮೆ
ನಾನು ಮಹಡಿ ಹತ್ತಿ ನಿಲ್ಲಬೇಕು.
ನನಗೆ ಸಂಬಳ ಬರುವುದೇ ಅದಕ್ಕೆ:
ಎಷ್ಟು ದೂರ ಕಾಣುತ್ತದೆ ಎಂದು ಹೇಳುವುದಕ್ಕೆ.

ಕೆಲಸಕ್ಕೆ ಸೇರಿದ ದಿನ ಗುರುತುಗಳ ಪಟ್ಟಿಯೊಂದು ಕೊಟ್ಟಿದ್ದರು.
ಅಗ್ನಿಶಾಮಕ ಠಾಣೆಯ ಕೆಂಪು ದೀಪ, ನಾನೂರು ಮೀಟರ್.
ನೀರಿನ ಟ್ಯಾಂಕು, ಒಂಬೈನೂರು.
ಟೋಲ್ ಗೇಟಿನ ಹಳದಿ ಸಾಲು, ಎರಡೂವರೆ ಕಿಲೋಮೀಟರ್.
ಕಡೆಗೆ ನಂದಿಬೆಟ್ಟ. ಅದು ಕಂಡರೆ
ಹತ್ತಕ್ಕೂ ಹೆಚ್ಚು ಎಂದು ಬರೆದು
ಕಾಫಿಗೆ ಇಳಿಯಬಹುದು.

ಧನುರ್ಮಾಸದಲ್ಲಿ ಪಟ್ಟಿ ಕೆಳಗಿನಿಂದ ಅಳಿಸುತ್ತಾ ಬರುತ್ತದೆ.
ಮೊದಲು ಬೆಟ್ಟ, ಆಮೇಲೆ ಹೆದ್ದಾರಿ.
ಟ್ಯಾಂಕಿನ ಕಾಲು ಕರಗಿ
ತಲೆ ಒಂದೇ ಸ್ವಲ್ಪ ಹೊತ್ತು ತೇಲುತ್ತದೆ.
ಇವತ್ತು ನಾಲ್ಕೂವರೆಗೆ
ಒಣ ಬಲ್ಬು ಹದಿನಾಲ್ಕು, ಒದ್ದೆ ಬಲ್ಬೂ ಹದಿನಾಲ್ಕು.
ಎರಡೂ ಒಂದೇ ಅಂಕಿಗೆ ಬಂದು ನಿಂತರೆ
ಗಾಳಿ ಇನ್ನೊಂದು ಹನಿಯನ್ನೂ ಹೊರಲಾರದು.
ಗಾಳಿಚೀಲ, ಹಗ್ಗದ ಮೇಲೆ ಮರೆತ
ಪೈಜಾಮದ ಒಂದು ಕಾಲು.

ಮುನಿವೆಂಕಟಪ್ಪನ ಜೀಪು ರನ್‌ವೇ ತಪಾಸಣೆ ಮುಗಿಸಿ ಬಂತು.
ಒಂದೇ ದಾರಿಗೆ ಎರಡು ಹೆಸರು:
ಪಡುವಣದಿಂದ ಇಳಿದರೆ ಸೊನ್ನೆ ಒಂಬತ್ತು,
ಮೂಡಣದಿಂದ ಇಳಿದರೆ ಎರಡು ಏಳು.
ಅವನು ಎರಡನ್ನೂ ಹೇಳುವುದಿಲ್ಲ.
"ಕುಂಟೆ ತಾವ ಎದ್ದೈತೆ ಮೇಡಮ್ಮೋರೆ," ಅಂದ,
"ಇನ್ನು ಕಾಲು ಗಂಟೆ. ಇಲ್ಲಿಗಂಟ ಬತ್ತದೆ."
ಆ ಕುಂಟೆ ಯಾವ ನಕ್ಷೆಯಲ್ಲೂ ಇಲ್ಲ.
ಅಲ್ಲಿ ಅವನು ಎಮ್ಮೆ ಮೈ ತೊಳೆದದ್ದಂತೆ,
ಈಗ ಮೂರು ಅಡಿ ಕಾಂಕ್ರೀಟು.
ಆದರೂ ಪ್ರತಿ ವರ್ಷ ಮಂಜು ಮೊದಲು ಏಳುವುದು ಅಲ್ಲಿಯೇ.
ಉಪಕರಣ ಸಾವಿರದೈನೂರು ತೋರಿಸುತ್ತಿತ್ತು.
ಕಾಲು ಗಂಟೆಯೂ ಹಿಡಿಯಲಿಲ್ಲ.

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ
ಕನ್ನಡಕಕ್ಕೆ ಹಬೆ ಕೂತಿತು. ಒರೆಸಿದೆ.
ಮತ್ತೆ ಒರೆಸಿದೆ.
ಮೇಲೆ ಏಳು ವಿಮಾನ ಗಿರಕಿ ಹೊಡೆಯುತ್ತಿವೆ.
ಮೇಲೆ ನಕ್ಷತ್ರಗಳು ಸ್ವಚ್ಛವಂತೆ,
ಮಂಜಿನ ದಪ್ಪ ನಾಲ್ಕು ಮಹಡಿಯಷ್ಟೂ ಇಲ್ಲವಂತೆ.
ಆ ನಾಲ್ಕು ಮಹಡಿಯ ತಳದಲ್ಲಿ ನಾನು.

ವಿಮಾನ ಕಂಪನಿಯ ಸೆಲ್ವಿನ್ ಪಿಂಟೊ ಫೋನು ಮಾಡಿದ.
"ಮೇಡಂ, ಮುನ್ನೂರು ಅಂತ ಹಾಕಿದ್ದೀರಿ."
ಹೌದು.
"ಒಂದೈವತ್ತು ಹೆಚ್ಚು ಕಾಣಲಿಕ್ಕಿಲ್ಲವಾ?"
ಬದನೆಕಾಯಿ ವ್ಯಾಪಾರವೇನಪ್ಪ ಇದು,
ಕೊಸರು ಕೇಳುವುದಕ್ಕೆ?
ನಕ್ಕ ಪಾಪ. ಅವನ ಒಂದು ವಿಮಾನ ಚೆನ್ನೈಗೆ ಹೋಯಿತು.

ಅವನಿಗೆ ಹೇಳದ್ದು ಒಂದಿದೆ.
ಹೋದ ತಿಂಗಳು ಯಲಹಂಕದ ಕಣ್ಣಿನ ಡಾಕ್ಟರು
ಎಡಗಣ್ಣಿಗೆ ಬೆಳಕು ಬಿಟ್ಟು ನೋಡಿ
"ಪೊರೆ ಶುರುವಾಗಿದೆ, ಅವಸರವೇನಿಲ್ಲ" ಅಂದರು.
ಅವಸರವೇನಿಲ್ಲ.
ಏಳು ವಿಮಾನಗಳ ಎಣ್ಣೆ ಉರಿಯುತ್ತಿದೆ,
ನಾನು ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು
ಯಾವುದು ಮಂಜು, ಯಾವುದು ನನ್ನದು ಎಂದು
ಬೇರೆ ಮಾಡುತ್ತಿದ್ದೇನೆ,
ಅಕ್ಕಿಯಲ್ಲಿ ಬಿಳಿ ಕಲ್ಲು ಹುಡುಕಿದ ಹಾಗೆ.

ಕಟಾಂಜನದಿಂದ ಬಗ್ಗಿ ಕೂಗಿದೆ:
ಮುನಿವೆಂಕಟಪ್ಪ, ಟ್ಯಾಂಕು ಕಾಣ್ತಿದೆಯಾ?
ಕೆಳಗಿನಿಂದ ಬರೀ ದನಿ ಬಂತು, ಆಳು ಕಾಣಲಿಲ್ಲ:
"ಯಾವ ಟ್ಯಾಂಕು?"
ಇಷ್ಟು ಸಂತೋಷ ನನಗೆ
ಮಗಳ ಫಲಿತಾಂಶ ಬಂದಾಗಲೂ ಆಗಿರಲಿಲ್ಲ.

ಎಂಟಕ್ಕೆ ಬಿಸಿಲು ಮೇಲಿನಿಂದ ಕೆದಕತೊಡಗಿತು.
ಮೊದಲು ರನ್‌ವೇಯ ನಡುಗೆರೆ, ಆಮೇಲೆ ಟಿಟ್ಟಿಭಗಳು,
ಹುಲ್ಲಿನ ತುಂಬ ಅವುಗಳ ಜಗಳ.
ಮುನಿವೆಂಕಟಪ್ಪ ಪಟಾಕಿ ಹಿಡಿದು ಓಡಿಸಲು ಹೊರಟ,
ಬೈಯುತ್ತಲೇ, ಪ್ರೀತಿಯಿಂದ.
ಕಲಬುರಗಿಗೆ ಹೊರಡಬೇಕಿದ್ದ ಪುಟ್ಟ ವಿಮಾನ
ರೆಕ್ಕೆಯ ನೀರು ಸುರಿಸುತ್ತಾ
ಸಾಲಿನಲ್ಲಿ ಕೊನೆಗೆ ನಿಂತಿತ್ತು.

ಎಂಟೂವರೆ. ಮತ್ತೆ ಮಹಡಿ.
ಕೆಂಪು ದೀಪ ಇದೆ. ಟ್ಯಾಂಕಿದೆ, ಕಾಲು ಸಮೇತ.
ಟೋಲ್ ಗೇಟಿನಾಚೆ, ಬಡಗಣಕ್ಕೆ,
ನೀಲಿಯಾಗಿ ಏನೋ ಮಲಗಿದೆ.
ಬೆಟ್ಟವಿರಬೇಕು. ಅದು ಅಲ್ಲೇ ಇರುವುದರಿಂದ
ಕಂಡ ಹಾಗೆ ಆಗುತ್ತಿರಲೂಬಹುದು.
ಕೇಳೋಣವೆಂದರೆ ಜೀಪು ಆ ತುದಿಯಲ್ಲಿತ್ತು.

ಹತ್ತು ಎಂದು ಬರೆಯಲಿಲ್ಲ.
ಎಂಟು ಎಂದು ಬರೆದು ಸಹಿ ಹಾಕಿದೆ.