ಹಗೆ

ಆಳಂದದ ನಮ್ಮ ಓಣಿ ಹಗೆಯೊಳಗ
ಜೋಳದ ಕೆಳಗೊಂದು ಬಾವುಟ.
ದೇಶಕ್ಕೆಲ್ಲ ಬೆಳಗಾಗಿ ವರುಷ ದಾಟಿತ್ತು,
ನಮಗಿನ್ನೂ ಹಾಲಿ ಸಿಕ್ಕಾ, ರಜಾಕಾರರ ಬೂಟು;
ಕನ್ನಡ ಅಂದರ ಒಲಿಬೂದ್ಯಾಗ
ಬೆರಳಲೆ ತಿದ್ದಿ ಅಳಿಸೂದು.

ಹೊಲಿದವ ದರ್ಜಿ ಲಾಡ್ಲೆಸಾಬ.
ಕೇಸರಿ, ನಮ್ಮಾಯಿ ನೀಲಗಂಗವ್ವನ ಸೆರಗು;
ಹಸಿರು, ದರ್ಗಾದ ಗಲೀಫಿನ ತುಂಡು.
ಮಷೀನು ಸಪ್ಪಳಾದೀತಂತ
ಕೈಹೊಲಿಗಿ, ಎರಡು ರಾತ್ರಿ.

ಸಪ್ಟೆಂಬರಿನ ಶುಕ್ರವಾರ ಬಾವುಟ ಮ್ಯಾಲ ಬಂತು,
ಕಾಳು ಉದುರಿಸಿಕೋತ.
ವಾರ ತುಂಬಿರಲಿಲ್ಲ, ಕೊಡಲಿ ಹೊರಬಿದ್ದವು.
ಈ ಸಲ ನಮ್ಮವರವು.
ಆಯಿ ಲಾಡ್ಲೆಸಾಬನ್ನ ಅದೇ ಹಗೆಯೊಳಗ ಇಳಿಸಿ,
ಗಾಳಿಗೆ ಬೆರಳಷ್ಟು ಸಂದು ಬಿಟ್ಟು
ಕಲ್ಲೆಳೆದು, ಮ್ಯಾಲ ಕುಂತು ಜೋಳ ಹಸನ ಮಾಡಿದಳು.

ಕೊಡಲಿ ಹಿಡಿದವರೊಳಗ ಆಕಿ ತಮ್ಮನೂ ಇದ್ದ.
"ಅಕ್ಕಾ, ಕೆಳಗೇನದ?"
ಮೊರದಿಂದ ಕಣ್ಣೆತ್ತದೆ ಅಂದಳಂತ:
"ಹಗೆ. ಮುಚ್ಚೀನಿ."