ನಡುಹೊಲಿಗೆ

ಮೊದಲು ಉರಿ ಬಂತು, ಗುಳ್ಳೆ ಆಮೇಲೆ.
ಮೂರು ದಿನ ಗ್ಯಾಸೆಂದು ಸೋಡಾ ಕುಡಿದೆ,
ಬಲಗಡೆ ಪಕ್ಕೆಲುಬಿನಡಿ ಯಾರೋ
ಇಸ್ತ್ರಿಪೆಟ್ಟಿಗೆ ಮರೆತುಹೋದಂತೆ.
ನಾಲ್ಕನೆಯ ಬೆಳಗ್ಗೆ ಅಂಗಿ ಎತ್ತಿದರೆ
ಬೆನ್ನಿನಿಂದ ಹೊಕ್ಕುಳತ್ತ
ಸಾಲುಸಾಲು ನೀರುಮಣಿ.

"ಸರ್ಪಸುತ್ತು," ಅಂದ ಓವರ್‌ಲಾಕ್ ಮಷೀನಿನ ಖಾಜಾವಲಿ,
"ತಲಿ ಬಾಲ ಕೂಡಿದ್ರೆ ಮುಗೀತು, ರುಕ್ಮೋಜಿ."
ಕೌಲ್‌ಬಜಾರಿನ ಕುಂಬಾರ ಸುಂಕಮ್ಮ
ಜಾಜು ಅರೆದು ನನ್ನ ಮೈಮೇಲೆ ಹಾವು ಬರೆದಳು,
ಹೆಡೆಗೆ ಎರಡು ಕಣ್ಣಿಟ್ಟು
ಮುಂದೆ ಹರಿಯದಂತೆ ಅಡ್ಡಗೆರೆ ಎಳೆದಳು.
ಆ ರಾತ್ರಿ ಟೇಪು ತಂದು ಅಳೆದೆ:
ಬೆನ್ನುಮೂಳೆಯಿಂದ ಹೊಕ್ಕುಳಿಗೆ ಹದಿನೆಂಟೂವರೆ ಇಂಚು.
ಅರ್ಧ ಸೊಂಟ ಹಾವಿನದು, ಅರ್ಧ ನನ್ನದು.

ವಿಮ್ಸಿನ ಡಾಕ್ಟರಮ್ಮ ಜಾಜು ಒರೆಸುತ್ತ ಕೇಳಿದರು,
"ಸಣ್ಣೋರಿದ್ದಾಗ ಅಮ್ಮ ಬಂದಿತ್ತೇನ್ರಿ?"
ಬಂದಿತ್ತು. ಏಳು ವರ್ಷದವನು.
ಬೇವಿನೆಲೆಯ ಹಾಸಿಗೆ, ಮೊಸರನ್ನ,
ಮನೆಯಲ್ಲಿ ಒಗ್ಗರಣೆ ಇಲ್ಲದ ಹನ್ನೊಂದು ದಿನ.
ನೀರೆರೆದು ಅವ್ವ ಅಂದಿದ್ದಳು: ಅಮ್ಮ ತಣ್ಣಗೆ ಹೋದಳು.

ಹೋಗಿರಲಿಲ್ಲವಂತೆ.
ಬೆನ್ನುಹುರಿಯ ಪಕ್ಕ, ನರದ ಬುಡದ ಗಂಟಿನಲ್ಲಿ
ಐವತ್ತೆರಡು ವರ್ಷ ಮಲಗಿದ್ದಳಂತೆ,
ನನ್ನ ಮದುವೆಯ ಬ್ಯಾಂಡಿಗೂ
ಅವ್ವ ತೀರಿಕೊಂಡ ದಿನದ ಅಳುವಿಗೂ ಎಚ್ಚರಾಗದೆ.
ಮೈಯ ಕಾವಲು ಒಮ್ಮೆ ತೂಕಡಿಸಿದಾಗ
ಎದ್ದು, ಆ ಒಂದೇ ನರ ಹಿಡಿದು ನಡೆದು ಬಂದಳು.

"ಒಂದು ನರ, ಒಂದು ಪಟ್ಟಿ. ನಡು ದಾಟೋದಿಲ್ಲ ಇದು.
ತಲಿ ಬಾಲ ಕೂಡೋದಿಲ್ಲ, ಹೆದರಬ್ಯಾಡ್ರಿ.
ಜಾಜಿಗೆ ಕಳೆದ ದಿನದಾಗೇ ಇಲ್ಲಿ ಬಂದಿದ್ರೆ ಚಲೋ ಇತ್ತು.
ಗುಳ್ಳೆ ಒಣಗೋ ತನಕ ಬಸುರಿ ಸೊಸೆಯಿಂದ ದೂರ ಇರ್ರಿ."

ನಡು. ಅದು ನನಗೆ ಗೊತ್ತಿದ್ದ ಮಾತು.
ಪ್ಯಾಂಟಿನ ಎಡಗಾಲು ಬಲಗಾಲು ಬೇರೆಬೇರೆ ಹೊಲಿದು
ಕೊನೆಗೆ ನಡುಹೊಲಿಗೆಯಲ್ಲಿ ಕೂಡಿಸುವವನು ನಾನು.
ನನ್ನನ್ನೂ ಯಾರೋ ಹಾಗೇ ಹೊಲಿದಿದ್ದಾರೆ.

ಗುಳ್ಳೆ ಒಣಗಿದವು. ಉರಿ ಉಳಿಯಿತು.
ಸುದ್ದಿ ಮುಗಿದರೂ
ತಂತಿ ಬಡಿದುಕೊಳ್ಳುತ್ತಲೇ ಇದೆ.
ಮಲ್ಲುಪಂಚೆ ಸೋಕಿದರೂ ಬೆಂಕಿ.
ಫ್ಯಾನಿನ ಗಾಳಿಗೂ ಹಲ್ಲಿವೆ.
ಬಳ್ಳಾರಿಯ ಏಪ್ರಿಲ್ಲಿನಲ್ಲಿ ಬರಿಮೈಯಲ್ಲಿ ಕೂತು
ಜೀನ್ಸು ಹೊಲಿಯುತ್ತೇನೆ,
ತೊಡೆಯ ಮೇಲಿನ ದಪ್ಪ ನೀಲಿಬಟ್ಟೆ
ಹೊಟ್ಟೆಗೆ ತಾಗದಂತೆ ಉಸಿರು ಹಿಡಿದು.

ನಲವತ್ತು ವರ್ಷ ಒಳಗಿನ ದಾರದ ತುದಿ ಹಾಗೇ ಬಿಟ್ಟೆ,
ಹೊರಗೆ ಕಾಣೋದಿಲ್ಲವಲ್ಲ.
ಈಗ ಪ್ರತಿ ಪ್ಯಾಂಟು ತಿರುವಿ ಹಾಕಿ
ಒಂದೊಂದೇ ಕತ್ತರಿಸುತ್ತೇನೆ.
ಖಾಜಾವಲಿ ಬೈಯುತ್ತಾನೆ,
ಪೀಸಿಗೆ ಸಿಗೋ ಕಾಸಿಗೆ ಇಷ್ಟೆಲ್ಲ ಯಾಕೆ ಅಂತ.

ತೊಡುವವರು ಯಾರೋ,
ಅವರ ಯಾವ ನರ ಎಚ್ಚರಿದೆಯೋ.